ಊರಿನ ಪರಿಚಯಬಲ ಮತ್ತು ಬೀಟ್ ಪೊಲೀಸರು

ಪೊಲೀಸ್ ಠಾಣೆಯ ಸರಹದ್ದನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಯ ಹೊಣೆಗೆ ಒಪ್ಪಿಸುವುದು ಬೀಟ್ ಪದ್ಧತಿ; ಅವರೊಡನೆ ಊರಿನ ನಾಗರಿಕರನ್ನೂ ಜೋಡಿಸುವುದು ಸಮುದಾಯ ಪೊಲೀಸ್ ವ್ಯವಸ್ಥೆ. ಕೇರಳವು 2008ರಲ್ಲಿ ‘ಜನಮೈತ್ರಿ’ ಎಂಬ ಸಮುದಾಯ ಪೊಲೀಸ್ ಯೋಜನೆಯನ್ನು ಆರಂಭಿಸಿತು, ಕರ್ನಾಟಕದಲ್ಲಿ ಪರಿಷ್ಕೃತ ಬೀಟ್ ಪದ್ಧತಿ 2017ರಲ್ಲಿ ಜಾರಿಗೆ ಬಂದಿತು. ವ್ಯಾಖ್ಯೆಗೆ ಇಷ್ಟು ಸಾಕು.

ಜನಸಾಮಾನ್ಯರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪೊಲೀಸರಿಗೆ ನೆರವಾಗುವುದೆಂದರೆ ತಾವೇ ದೊಣ್ಣೆ ಹಿಡಿದು ದಾರಿಹೋಕರನ್ನು ತಡೆದು ವಿಚಾರಿಸುವುದೆಂದು ಅನೇಕರು ಭಾವಿಸುತ್ತಾರೆ. ಕಾನೂನು ಅಂಥ ಅಧಿಕಾರವನ್ನು ನಾಗರಿಕರಿಗೆ ಕೊಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಂತೆ, ತನ್ನ ಕಣ್ಣೆದುರಿನಲ್ಲೇ ಜಾಮೀನಿಗೆ ಅರ್ಹವಲ್ಲದ, ಸಂಜ್ಞೇಯವಾದ ಅಪರಾಧವನ್ನು ಎಸಗಿದವನನ್ನು, ಅಥವಾ ಘೋಷಿತ ಅಪರಾಧಿಯನ್ನು ಮಾತ್ರ, ಖಾಸಗಿ ವ್ಯಕ್ತಿ ಹಿಡಿಯಬಹುದು. ಹಿಡಿದವನನ್ನು ಅನವಶ್ಯಕ ವಿಳಂಬವಿಲ್ಲದೆ, ಆರು ಗಂಟೆಗಳೊಳಗೆ, ಪೊಲೀಸರಿಗೆ ಒಪ್ಪಿಸಲೇಬೇಕು. ‘ನೈತಿಕ ಪೊಲೀಸ್‌ಗಿರಿ’ಯಿಂದ ನಮ್ಮ ಕರಾವಳಿಯು ನೊಂದಿರುವುದರಿಂದ ಈ ಮಿತಿಯನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಹಾಗಾದರೆ ಊರಿನ ನಿಜವಾದ ಬಲ ಯಾವುದು? ಪರಿಚಯ. ಅಸಹಜವಾದುದನ್ನು ಗುರುತಿಸಬೇಕಾದರೆ ಸಹಜವಾದುದು ಮೊದಲು ಗೊತ್ತಿರಬೇಕು. ಈ ಅರಿವು, ಇಂದು ಬಂದು ನಾಳೆ ವರ್ಗವಾಗುವ ಅಧಿಕಾರಿಗಿಂತ ಊರಿನವರಲ್ಲಿಯೇ ಅಧಿಕ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳನ್ನು ಸೇರಿರಲು ವೃದ್ಧರಷ್ಟೇ ಉಳಿದ ಮನೆಗಳು ಕುಂದಾಪುರ, ಬ್ರಹ್ಮಾವರಗಳ ಗ್ರಾಮಗಳಲ್ಲಿ ಎಷ್ಟೋ ಇವೆ. ನಿತ್ಯವೂ ಬೆಳಗ್ಗೆ ಡೈರಿಗೆ ಹಾಲು ತರುತ್ತಿದ್ದ ಅಜ್ಜಿಯೊಬ್ಬರು ಎರಡು ದಿನ ಕಾಣಲಿಲ್ಲವೆಂಬುದು ಮೊದಲು ತಿಳಿಯುವುದು ಹಾಲಿನ ಸೊಸೈಟಿಯವರಿಗೆ. ಗಂಗೊಳ್ಳಿಯ ಬಂದರಿನಲ್ಲಿ, ಮರವಂತೆ-ಬೈಂದೂರುಗಳ ದಂಡೆಯಲ್ಲಿ, ಯಾವ ದೋಣಿ ಯಾರದು, ಜೂನ್-ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧಕಾಲದಲ್ಲಿ ಯಾವುದು ನೀರಿಗಿಳಿಯಬಾರದು ಎಂಬುದನ್ನು ಮೀನುಗಾರರಾದ ಮೊಗವೀರರೂ ಖಾರ್ವಿಗಳೂ ಯಾವ ದಫ್ತರವನ್ನೂ ತೆರೆಯದೆಯೇ ಬಲ್ಲರು. 2008ರ ಮುಂಬಯಿ ದಾಳಿಕೋರರು ಸಮುದ್ರಮಾರ್ಗವಾಗಿ ಬಂದುದನ್ನು ನೆನೆದರೆ ಈ ಬಲ್ಲವಿಕೆಯ ಬೆಲೆ ಎಷ್ಟೆಂಬುದು ತಾನೇ ವಿಶದವಾಗುತ್ತದೆ!

ಆದರೆ ಪರಿಚಯವು ಪೂರ್ವಗ್ರಹವಾಗಿ ಕೆಡುವುದೂ ಸುಲಭ. ದೋಣಿಗಳಲ್ಲಿ ದುಡಿಯಲು ಹೊರರಾಜ್ಯಗಳಿಂದ ಬಂದವನ ಮೋರೆ ಹೊಸದು ಎಂಬುದಷ್ಟೇ ಸುದ್ದಿಯಲ್ಲ. ಬೀಗ ಹಾಕಿದ ಮನೆಯ ಹಿಂಬಾಗಿಲನ್ನು ಒಬ್ಬನು ಮೀಟುತ್ತಿದ್ದರೆ ಅದು ಸುದ್ದಿ. ತಿಳಿಸತಕ್ಕದ್ದು ಕೃತ್ಯವನ್ನೇ ಹೊರತು ಜಾತಿ, ಮತ, ಭಾಷೆಗಳನ್ನಲ್ಲ. ತುರ್ತಾದುದಕ್ಕೆ 112 ಇದೆ. ಉಳಿದುದಕ್ಕೆ ಬೀಟ್ ಪೊಲೀಸರಿದ್ದಾರೆ. ತಿಳಿಸಿದವನ ಹೆಸರು ಗುಟ್ಟಾಗಿ ಉಳಿಯಬೇಕು. ಅವನ ಮಾತಿನಿಂದ ಏನಾಯಿತೆಂಬ ಉತ್ತರವೂ ಅವನಿಗೆ ಮರಳಿ ಮುಟ್ಟಬೇಕು. ಉತ್ತರ ಕಾಣದವನು ಎರಡನೆಯ ಬಾರಿ ಬಾಯಿ ತೆರೆಯುವುದಿಲ್ಲ. ಎಷ್ಟೋ ಬೀಟ್ ಸಭೆಗಳು ಬರಿದಾಗುವುದಕ್ಕೆ ಇದೇ ಕಾರಣ.

ಸ್ತ್ರೀಶಕ್ತಿ ಗುಂಪು, ಯುವಕ ಮಂಡಲ, ಭಜನಾ ಮಂದಿರ, ಮಸೀದಿ, ಇಗರ್ಜಿ, ಮೀನುಗಾರರ ಸಹಕಾರ ಸಂಘ, ಇವುಗಳಲ್ಲಿ ಯಾವುದರ ಮಾತು ಯಾವ ಕೇರಿಯವರೆಗೆ ಮುಟ್ಟುತ್ತದೆ, ಯಾವ ಮನೆಗಳು ಎಲ್ಲದರ ಹೊರಗೇ ಉಳಿದಿವೆ ಎಂಬುದನ್ನು ಗ್ರಾಮಗ್ರಾಮವಾಗಿ ಶೋಧಿಸುವ ಕೆಲಸವನ್ನು ನಮ್ಮ ಕಾಲೇಜುಗಳ ತರುಣ ತರುಣಿಯರು ಕೈಗೆತ್ತಿಕೊಳ್ಳಲಿ. ಹೊರಗುಳಿದ ಆ ಮನೆಗಳ ಪಟ್ಟಿಯಿಂದಲೇ ಬೀಟ್ ಪೊಲೀಸರ ಮುಂದಿನ ಸುತ್ತು ಮೊದಲಾಗಬೇಕು.