ನಡುದಾರಿಯಲ್ಲಿ ನಿಂತ ಪಿಕಪ್ಪು

1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ ಊರು ಗದಗ ಬಳಿಯ ಕಣಗಿನಹಾಳ. ಅಂಥ ಊರಿನಿಂದ ಪೇಟೆಗೆ ಉಳ್ಳಾಗಡ್ಡಿ ಒಯ್ಯುವ ಹಳೆಯ ಪೆಟ್ರೋಲ್ ಪಿಕಪ್ಪು ಪದೇಪದೇ ನಿಂತರೆ ರೈತನ ದುಡಿಮೆಗೇ ಕುತ್ತು.

ವಾಚಕರೇ, ಒಮ್ಮೆಲೇ ಪಂಪಿನ ಮೇಲೆ ದೋಷ ಹೊರಿಸಬೇಡಿ. ಫಿಲ್ಟರು ಕಟ್ಟಿದೆಯೇ, ಕೊಳವೆ ಬಿರಿದು ಗಾಳಿ ಎಳೆಯುತ್ತಿದೆಯೇ ಎಂದು ಮೊದಲು ನೋಡಿರಿ. ಎಂಜಿನ್ನಿನ ಚಲನೆಯಿಂದಲೇ ನಡೆಯುವ ಹಳೆಯ ಪಂಪಿನ ಜೀವಾಳವೆಂದರೆ ಡಯಾಫ್ರಮ್ ಎಂಬ ತೆಳುಪೊರೆ. ಅದು ಮೇಲೆ ಕೆಳಗೆ ಆಡುತ್ತ ಟ್ಯಾಂಕಿನ ಪೆಟ್ರೋಲನ್ನು ಸೆಳೆದು ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಪೊರೆ ಹರಿದರೆ ಪೆಟ್ರೋಲು ಎಂಜಿನ್ನಿನ ಎಣ್ಣೆಗೆ ಸೋರಬಹುದು. ಎಣ್ಣೆ ತೆಳುವಾಗಿ ಬೇರಿಂಗುಗಳು ಸವೆಯುತ್ತವೆ.

ಆದುದರಿಂದ ಎಣ್ಣೆಯಳೆಯುವ ಕಡ್ಡಿಯನ್ನು ಮೂಸಿರಿ. ಪೆಟ್ರೋಲಿನ ವಾಸನೆ ಬಂದರೆ ಗಾಡಿ ಓಡಿಸದೆ, ಪಂಪಿನೊಡನೆ ಎಣ್ಣೆಯನ್ನೂ ಬದಲಿಸತಕ್ಕದ್ದು. ಬಿಚ್ಚುವಾಗ ಎಂಜಿನ್ನು ತಣ್ಣಗಿರಲಿ, ಬೀಡಿ ದೂರವಿರಲಿ. ಸಣ್ಣ ಪೊರೆಯ ಉದಾಸೀನಕ್ಕೆ ದೊಡ್ಡ ಎಂಜಿನ್ನು ಬಲಿಯಾಗದಿರಲಿ.