ಸ್ಟೇಶನ್ ಬಜಾರಿನ ಗ್ಯಾರೇಜಿಗೆ ಎಷ್ಟು ಟನ್ ತಂಪು ಬೇಕು?

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ಹಳೆಯ ರೂಢಿ. ಸ್ಟೇಶನ್ ಬಜಾರದಲ್ಲಿ ಬೈಕು, ಆಟೊ ರಿಪೇರಿ ಮಾಡಿ ಬದುಕುವವರಿಗೆ ಆ ಸೌಲಭ್ಯವಿಲ್ಲ. ಹೊರಗೆ 42 ಡಿಗ್ರಿ ಬಿಸಿಲು, ತಲೆಯ ಮೇಲೆ ಕಾದ ತಗಡು, ಎದುರಿಗೆ ಬಿಸಿ ಎಂಜಿನ್. ಇಂತಹ ಗ್ಯಾರೇಜಿಗೊಂದು ಎ.ಸಿ. ಹಾಕಿಸೋಣವೆಂದು ಅಂಗಡಿಗೆ ಹೋದರೆ, ಮಾರಾಟಗಾರ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಚದರ ಅಡಿ? ಇನ್ನೂರು ಎಂದರೆ ಒಂದೂವರೆ ಟನ್ ಸಾಕೆಂದು ಬಿಲ್ ಬರೆದುಬಿಡುತ್ತಾನೆ. ಈ ಲೆಕ್ಕ ಮಲಗುವ ಕೋಣೆಗೆ ಸರಿ. ಗ್ಯಾರೇಜಿಗೆ ಇದನ್ನು ನಂಬಿದರೆ ಹಣವೂ ಹೋಗುತ್ತದೆ, ತಂಪೂ ಸಿಗದು.

ಮೊದಲು ಟನ್ ಎಂದರೇನು ಎಂಬುದನ್ನು ತಿಳಿಯೋಣ. ಇದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರಿಕೊಳ್ಳುವುದೋ ಅಷ್ಟು ವೇಗದಲ್ಲಿ ಕೋಣೆಯ ಶಾಖವನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಇಂದಿನ ಅಳತೆಯಲ್ಲಿ ಅದು ಸುಮಾರು 3.5 ಕಿಲೋವ್ಯಾಟ್. ಆದ್ದರಿಂದ ಕೇಳಬೇಕಾದ ಪ್ರಶ್ನೆ ಗ್ಯಾರೇಜು ಎಷ್ಟು ದೊಡ್ಡದು ಎಂಬುದಲ್ಲ, ಅದರೊಳಗೆ ಎಷ್ಟು ಶಾಖ ನುಗ್ಗುತ್ತಿದೆ ಎಂಬುದು.

10 ಅಡಿ ಅಗಲ, 20 ಅಡಿ ಉದ್ದ, 11 ಅಡಿ ಎತ್ತರದ ಒಂದು ಗ್ಯಾರೇಜನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎರಡೂ ಮಗ್ಗುಲಲ್ಲಿ ಪಕ್ಕದ ಅಂಗಡಿಗಳ ಗೋಡೆಗಳಿರುವುದರಿಂದ ಅತ್ತ ಬಿಸಿಲಿನ ಕಾಟವಿಲ್ಲ. ಮುಂದೆ ಕಬ್ಬಿಣದ ಶಟರ್, ಹಿಂದೊಂದು ಇಟ್ಟಿಗೆ ಗೋಡೆ, ಮೇಲೆ ಬರೀ ತಗಡು. ಮೇ ತಿಂಗಳ ನಡುಹಗಲಿನಲ್ಲಿ ತಗಡು 65 ಡಿಗ್ರಿಗೆ ಕಾದರೆ ಅದೊಂದರಿಂದಲೇ ಸುಮಾರು 4 ಕಿಲೋವ್ಯಾಟ್ ಶಾಖ ಕೆಳಗಿಳಿಯುತ್ತದೆ. ಒಂದು ಟನ್ನಿಗೂ ಹೆಚ್ಚಿನ ಶಕ್ತಿ ಬರೀ ಮಾಡಿಗೇ ಮೀಸಲಾಯಿತು! ಮುಚ್ಚಿದ ಶಟರ್, ಹಿಂಗೋಡೆ, ಸಂದುಗಳಿಂದ ಬರುವ ಗಾಳಿ ಇವೆಲ್ಲ ಸೇರಿ ಒಂದೂವರೆ ಕಿಲೋವ್ಯಾಟ್, ಮೈಮುರಿದು ದುಡಿಯುವ ಇಬ್ಬರಿಂದ ಅರ್ಧ, ದೀಪ ಮತ್ತು ಗ್ರೈಂಡರಿನಂತಹ ಉಪಕರಣಗಳಿಂದ ಇನ್ನರ್ಧ. ಒಟ್ಟು ಆರೂವರೆ ಕಿಲೋವ್ಯಾಟ್, ಅಂದರೆ ಹೆಚ್ಚುಕಡಿಮೆ ಎರಡು ಟನ್.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಎ.ಸಿ. ಪೆಟ್ಟಿಗೆಯ ಮೇಲೆ ನಮೂದಿಸುವ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇರುವಾಗ ಅಳೆದಿರುತ್ತಾರೆ. ನಮ್ಮ ಬಿಸಿಲ ನಾಡಿನಲ್ಲಿ ಬೇಸಿಗೆಯ ಮಧ್ಯಾಹ್ನ ಅದಕ್ಕಿಂತ ಏಳೆಂಟು ಡಿಗ್ರಿ ಮೇಲೆಯೇ ಇರುತ್ತದೆ. ಆಗ ಯಂತ್ರದ ಶಕ್ತಿ ಶೇ 10ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುತ್ತದೆ. ಹೊರಘಟಕವನ್ನು ತಗಡಿನ ಮೇಲೆಯೇ ಪಡುವಣ ಬಿಸಿಲಿಗೆ ಇಟ್ಟರಂತೂ ಕೇಳುವುದೇ ಬೇಡ. ಎರಡು ಟನ್ನಿನ ಯಂತ್ರವೂ ಇಲ್ಲಿ ಏದುಸಿರು ಬಿಡುತ್ತದೆ.

ಅದೇ ತಗಡಿನ ಕೆಳಗೆ ಎರಡು ಅಂಗುಲದ ಶಾಖನಿರೋಧಕ ಹಲಗೆಯ ಒಳಮಾಡು ಕಟ್ಟಿಸಿ ನೋಡಿ. ಮಾಡಿನ ಶಾಖ 4 ಕಿಲೋವ್ಯಾಟಿನಿಂದ ಅರ್ಧ ಕಿಲೋವ್ಯಾಟಿಗೂ ಕೆಳಗಿಳಿಯುತ್ತದೆ. ತಗಡಿನ ಮೇಲೆ ಬಿಳಿ ಬಣ್ಣ ಬಳಿಸಿದರೆ ಇನ್ನಷ್ಟು ಕಡಿಮೆ. ಆಗ ನಿಜಕ್ಕೂ ಒಂದೂವರೆ ಟನ್ ಸಾಕು. ಆದರೆ ಹಲಗೆ ಬೆಂಕಿ ಹರಡದ ಬಗೆಯದಾಗಿರಲಿ. ಬೆಸುಗೆಯ ಕಿಡಿ ಹಾರುವ ಜಾಗದಲ್ಲಿ ಅಗ್ಗದ ಥರ್ಮಾಕೋಲನ್ನು ಹಾಗೇ ಬಿಡುವುದು ಅಪಾಯವನ್ನು ಕರೆದು ಕೂರಿಸಿದಂತೆ.

ಇಷ್ಟೆಲ್ಲ ಹೇಳಿದ್ದು ಶಟರ್ ಮುಚ್ಚಿರುವ ಗ್ಯಾರೇಜಿಗೆ. ಗಿರಾಕಿ ಬರುತ್ತಾ ಹೋಗುತ್ತಾ ಇರುವ, ಬೆಳಗಿನಿಂದ ರಾತ್ರಿವರೆಗೆ ಶಟರ್ ಎತ್ತಿಯೇ ಇರುವ ಕಡೆ ಎ.ಸಿ. ಹಾಕುವುದು ವ್ಯರ್ಥ. ಅಷ್ಟಗಲದ ಬಾಗಿಲಿನಿಂದ ಬೀಸಿ ಬರುವ ಕಾದ ಗಾಳಿಯನ್ನು ತಣಿಸಲು ಐದಾರು ಟನ್ ಯಂತ್ರವೂ ಒದ್ದಾಡಬೇಕಾಗುತ್ತದೆ. ಇಂತಲ್ಲಿ ಕಲಬುರಗಿಯ ಒಣ ಹವೆಯೇ ನಮಗೆ ವರ. ಮಂಗಳೂರಿನಲ್ಲಿ ನಿಷ್ಪ್ರಯೋಜಕವಾಗುವ ನೀರಿನ ಕೂಲರ್ ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಚೆನ್ನಾಗಿ ದುಡಿಯುತ್ತದೆ. 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ 20ರಷ್ಟು ತೇವಾಂಶ ಇರುವ ದಿನ ಒಳ್ಳೆಯ ಪ್ಯಾಡ್ ಇರುವ ಕೂಲರಿನಿಂದ ಹೊರಬರುವ ಗಾಳಿ 28-29 ಡಿಗ್ರಿಯಷ್ಟಿರುತ್ತದೆ. ವಿದ್ಯುತ್ ಖರ್ಚಿನ ಅಂತರವನ್ನೂ ನೋಡಿ: ಒಂದೂವರೆ ಟನ್ ಎ.ಸಿ. ಪೂರ್ತಿ ಹೊರೆಯಲ್ಲಿ ಎಂಟು ತಾಸು ಓಡಿದರೆ ಸುಮಾರು 12 ಯೂನಿಟ್, ಕೂಲರಿಗೆ ಎರಡು ಯೂನಿಟ್ ಸಾಕು.

ಕೂಲರನ್ನು ಟ್ಯಾಂಕಿನ ಲೀಟರ್ ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ಅದು ತಾಸಿಗೆ ಎಷ್ಟು ಘನ ಮೀಟರ್ ಗಾಳಿ ಬೀಸುತ್ತದೆ ಎಂಬುದನ್ನು. ಕೋಣೆಯ ಗಾಳಿ ತಾಸಿಗೆ 30 ಬಾರಿಯಾದರೂ ಬದಲಾಗಬೇಕು. ಮೇಲಿನ ಗ್ಯಾರೇಜಿನ ಗಾತ್ರ 2,200 ಘನ ಅಡಿ, ಅಂದರೆ 62 ಘನ ಮೀಟರ್. ಅದನ್ನು 30ರಿಂದ ಗುಣಿಸಿದರೆ ಸುಮಾರು 1,900. ಬರೀ ತಗಡಿನ ಮಾಡಿದ್ದರೆ 2,500ರ ಮೇಲಿನದನ್ನೇ ಆರಿಸಿ. ಕೂಲರ್ ಹೊರಗಿನ ಒಣ ಗಾಳಿಯನ್ನು ಎಳೆಯುವಂತಿರಬೇಕು, ಒಳಗಿನ ಗಾಳಿ ಎದುರಿನಿಂದ ಹೊರಹೋಗುವಂತಿರಬೇಕು. ಕೂಲರನ್ನು ಒಳಗಿಟ್ಟು ಶಟರ್ ಇಳಿಸಿದರೆ ಅರ್ಧ ತಾಸಿನಲ್ಲಿ ಗ್ಯಾರೇಜು ಬೆವರಿನ ಗೂಡಾಗುತ್ತದೆ.

ಕೂಲರಿಗೆ ನೀರಿನ ಬೆಲೆಯಿದೆ. ಈ ಗಾತ್ರದ್ದು ಕಡು ಬೇಸಿಗೆಯಲ್ಲಿ ತಾಸಿಗೆ ಹತ್ತು ಲೀಟರಿನಷ್ಟು ಕುಡಿಯುತ್ತದೆ, ದಿನಕ್ಕೆ ಐದಾರು ಕೊಡ. ಭೀಮಾ ನದಿ, ಬೆಣ್ಣೆತೊರೆಯ ನೀರನ್ನು ನೆಚ್ಚಿದ ನಗರದಲ್ಲಿ ಇದು ಸಣ್ಣ ಮಾತಲ್ಲ. ಗಡಸು ಕೊಳವೆಬಾವಿ ನೀರಾದರೆ ಪ್ಯಾಡಿನ ಮೇಲೆ ಸುಣ್ಣ ಕಟ್ಟುತ್ತದೆ, ವಾರಕ್ಕೊಮ್ಮೆ ಟ್ಯಾಂಕ್ ಬರಿದು ಮಾಡಿ ತೊಳೆಯದಿದ್ದರೆ ಸೊಳ್ಳೆ ಹುಟ್ಟುತ್ತದೆ. ಮಳೆಗಾಲ ಶುರುವಾಗಿ ಹವೆಯಲ್ಲಿ ತೇವ ಏರಿದ ಮೇಲೆ ಕೂಲರ್ ಎರಡು-ಮೂರು ಡಿಗ್ರಿಗಿಂತ ಹೆಚ್ಚು ತಣಿಸಲಾರದು, ಉಪಕರಣಗಳಿಗೆ ತುಕ್ಕು ಬೇರೆ. ಆಗ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸುವುದೇ ಜಾಣತನ.

ಎ.ಸಿ. ಎಲ್ಲಿ ತಕ್ಕದ್ದು? ಬಿಲ್ಲಿಂಗ್ ಕ್ಯಾಬಿನ್ನಿಗೆ, ವಾಹನಗಳ ಎಲೆಕ್ಟ್ರಾನಿಕ್ ಭಾಗಗಳನ್ನು ಬಿಚ್ಚಿ ಪರೀಕ್ಷಿಸುವ ಕೋಣೆಗೆ. ಗ್ಯಾರೇಜಿನ ಮೂಲೆಯಲ್ಲಿ 10 ಅಡಿ ಚೌಕದ ಜಾಗವನ್ನು ಗಾಜಿನಿಂದ ಬೇರ್ಪಡಿಸಿ ಒಂದು ಟನ್ ಕೂಡಿಸಿದರೆ ಸಾಕು. ಇನ್ವರ್ಟರ್ ಬಗೆಯದನ್ನು ಆರಿಸಿ, ಸ್ಟಾರ್ ಗುರುತನ್ನು ಓದಿ. ಎಣ್ಣೆಯ ಹಬೆ, ಉಜ್ಜಿದ ಲೋಹದ ಪುಡಿ ಜಾಲರಿಗೆ ಮೆತ್ತುವುದರಿಂದ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊಸ ಗಾಳಿಯನ್ನು ಒಳತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸಿ ತಣಿಸುತ್ತದೆ. ತಂಪು ಹೋದೀತೆಂದು ಶಟರ್ ಇಳಿಸಿ ಎಂಜಿನ್ ಚಾಲೂ ಮಾಡಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿಮಿಷಗಳಲ್ಲಿ ಪ್ರಾಣಕ್ಕೇ ಎರವಾದೀತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಹಾಗಾಗಿ ಸ್ವಿಚ್, ಪ್ಲಗ್, ಕೂಲರ್ ಮೋಟಾರುಗಳನ್ನು ನೆಲದಿಂದ ಮೇಲೆ ಕೂಡಿಸಬೇಕು, ಹೊಗೆ ಹೊರದೂಡುವ ಫ್ಯಾನ್ ಪ್ರತ್ಯೇಕವಾಗಿ ಇರಲೇಬೇಕು.

ಬಿಸಿಮಾಡುವ ಸೌಲಭ್ಯವುಳ್ಳ ಎ.ಸಿ.ಗೆ ಹೆಚ್ಚಿನ ಹಣ ತೆರುವುದು ನಮ್ಮೂರಿನಲ್ಲಿ ಅನಗತ್ಯ. ಡಿಸೆಂಬರ್, ಜನವರಿಯ ಚಳಿ ಬೆಳಗಿನ ಒಂದೆರಡು ತಾಸಿನದು. ಅಷ್ಟಕ್ಕಾಗಿ ಗ್ಯಾರೇಜಿನೊಳಗೆ ಇದ್ದಿಲ ಕೆಂಡವನ್ನಂತೂ ಇಡಬೇಡಿ.

ಕೊಳ್ಳುವ ಮುನ್ನ ಜೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟೆಂದು ನೋಡಿಕೊಳ್ಳಿ. ಒಂದು ಕಿಲೋವ್ಯಾಟ್ ಸಂಪರ್ಕದ ಮೇಲೆ ಒಂದೂವರೆ ಟನ್ ಹೇರಿದರೆ ಹಳೆಯ ತಂತಿ ಕಾಯುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟು, ಮೀಟರಿನಿಂದ ಪ್ರತ್ಯೇಕ ತಂತಿ ಎಳೆಸಿ, ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿದ ನಂತರವೇ ಯಂತ್ರ ತರಿಸಿ.