ಹೆಬ್ಬೆರಳಿಗೂ ಬೀಗ ಬೇಕು

ಕಳೆದ ತಿಂಗಳ ಒಂದು ಜುಮಾದಲ್ಲಿ ಅಮಾನತ್ತಿನ ಕುರಿತು ಖುತ್ಬಾ ಇತ್ತು. ನಮಾಝ್ ಮುಗಿಸಿ ಹೊರಬರುವಾಗ ನಂಜನಗೂಡಿನ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ಓಟಿಪಿ ಯಾರಿಗೂ ಹೇಳಬೇಡಿ ಅಂತೀರಿ. ನಮ್ಮ ಮನೆಯವರಿಗೆ ಓಟಿಪಿಯೂ ಬಂದಿಲ್ಲ, ಯಾರ ಫೋನೂ ಬಂದಿಲ್ಲ. ಹತ್ತು ಸಾವಿರ ಹೋಗಿದೆಯಲ್ಲ, ಹೇಗೆ?"

ಪಾಸ್‌ಬುಕ್ ತೆಗೆದು ನೋಡಿದೆವು. ಮೊತ್ತದ ಪಕ್ಕದಲ್ಲಿ 'ಎಇಪಿಎಸ್' ಎಂದು ಅಚ್ಚಾಗಿತ್ತು. ಅಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬ್ಯಾಂಕ್ ಮಿತ್ರ ಸಣ್ಣ ಯಂತ್ರ ಇಟ್ಟುಕೊಂಡು ಪಿಂಚಣಿ ಹಣ ಕೊಡುವುದು ಇದರಿಂದಲೇ. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಓದು ಬಾರದ ನಮ್ಮ ಅಜ್ಜಿಯರಿಗೆ ಇದು ದೊಡ್ಡ ಉಪಕಾರ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಿನ್ ಕಳುವಾದರೆ ಬೇರೆ ಪಿನ್ ಹಾಕಿಕೊಳ್ಳಬಹುದು. ಬೆರಳು ಬದಲಾಯಿಸಲು ಆಗುವುದಿಲ್ಲ.

ಬೆರಳಚ್ಚು ಕಳ್ಳರಿಗೆ ಸಿಗುವುದೆಲ್ಲಿ? 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆಯೇ ಹಣ ಹೋಯಿತು. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಂದೇ ಕಡೆ ಇರುತ್ತವೆ. ಆ ಪತ್ರದ ಪ್ರತಿ ಆನ್‌ಲೈನಿನಲ್ಲಿ ಸಿಗುತ್ತಿತ್ತು. ಗುರುತಿನಿಂದ ರಬ್ಬರಿನಂಥ ಅಚ್ಚು ಮಾಡಿಕೊಂಡರೆ ಯಂತ್ರವೂ ಮೋಸಹೋಗುತ್ತದೆ. ಆಮೇಲೆ ಆನ್‌ಲೈನ್ ಪ್ರತಿಗಳಲ್ಲಿ ಇವೆರಡನ್ನೂ ಮರೆಮಾಡುವ ಕ್ರಮಕ್ಕೆ ನೋಂದಣಿ ಇಲಾಖೆ ಮುಂದಾಯಿತು. ಅದಕ್ಕೂ ಮೊದಲು ಹೊರಗೆ ಹೋದ ಜೆರಾಕ್ಸ್‌ಗಳ ಕತೆ ಬೇರೆ.

ಇನ್ನೊಂದು ಮೋಸಕ್ಕೆ ಅಚ್ಚೂ ಬೇಡ. "ಅಮ್ಮಾ, ಬರಲಿಲ್ಲ, ಇನ್ನೊಮ್ಮೆ ಬೆರಳಿಡಿ" ಎನ್ನುವುದು. ಮೊದಲನೆಯದೂ ಬಂದಿರುತ್ತದೆ. ಎರಡನೇ ಸಲ ಬೆರಳಿಡುವ ಮುನ್ನ ರಸೀದಿ ಕೇಳಿ.

ಇದಕ್ಕೆ ಬೀಗವಿದೆ, ಖರ್ಚಿಲ್ಲದ ಬೀಗ. ಮೈಆಧಾರ್ ಜಾಲತಾಣದಲ್ಲಿ ಒಳಹೋಗಿ 'ಬಯೋಮೆಟ್ರಿಕ್ ಲಾಕ್' ಒತ್ತಿದರೆ ಬೆರಳಚ್ಚು ಎಲ್ಲಿಯೂ ನಡೆಯುವುದಿಲ್ಲ. ಹೆಂಗಸರು ಮೊದಲು ಕೇಳುವ ಪ್ರಶ್ನೆ: ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತದೆಯೇ? ಇಲ್ಲ. ಹಣ ಬರುವುದಕ್ಕೆ ಬೆರಳು ಬೇಕಿಲ್ಲ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರುವಾಗ ಬೆರಳು ಬೇಕು, ಆಗ ಸ್ವಲ್ಪ ಹೊತ್ತು ಲಾಕ್ ತೆಗೆಯಬೇಕಾಗುತ್ತದೆ. ಇದು ತೊಂದರೆಯೇ. ಕಾರ್ಡಿನಲ್ಲಿರುವ ಒಬ್ಬರದನ್ನು ಮಾತ್ರ ತೆರೆದಿಟ್ಟು ಉಳಿದವರದನ್ನು ಮುಚ್ಚಿಡುವುದು ನಮಗೆ ಕಂಡ ದಾರಿ. ಹಾಗೆ ತೆರೆದಿಟ್ಟವರ ಖಾತೆಯಲ್ಲಿ ಹೆಚ್ಚು ಹಣ ಇಡಬಾರದು.

ಇನ್ನು ನಮ್ಮದೇ ತಪ್ಪಿಗೆ ಬರೋಣ. ರಮಝಾನ್ ಕಿಟ್‌ಗೆ ಆಧಾರ್ ಜೆರಾಕ್ಸ್, ವಿದ್ಯಾರ್ಥಿ ವೇತನಕ್ಕೆ ಜೆರಾಕ್ಸ್, ಉಮ್ರಾಕ್ಕೆ ಹೊರಟರೆ ಪಾಸ್‌ಪೋರ್ಟ್ ಸಮೇತ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ. ಟಿ. ನರಸೀಪುರದ ಕಡೆ ಒಂದು ಕಮಿಟಿಯ ಕಚೇರಿಯಲ್ಲಿ ಮೂರು ವರ್ಷದ ಜೆರಾಕ್ಸ್ ಕಟ್ಟು ಬೀಗವಿಲ್ಲದ ಬೀರುವಿನಲ್ಲಿತ್ತು, ಹೆಬ್ಬೆಟ್ಟು ಒತ್ತಿದ ಅರ್ಜಿಗಳ ಜೊತೆಯಲ್ಲೇ. ಬಡ ವಿಧವೆಯ ಖಾತೆಯ ಕೀಲಿಕೈಯನ್ನು ನಾವೇ ಬೀದಿಯಲ್ಲಿಟ್ಟಂತೆ! ಅನುಮತಿ ಕೇಳದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದೆಂದು ಸೂರಃ ಅನ್ನೂರ್ ನಮಗೆ ಕಲಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಬಗ್ಗೆಯೇ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಕಮಿಟಿಗೆ ಬೇಕಿರುವುದು ಹೆಸರು, ವಿಳಾಸ ಅಷ್ಟೇ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಅದೇ ಜಾಲತಾಣದಲ್ಲಿ ಸಿಗುತ್ತದೆ, ಅದನ್ನೇ ಕೇಳಿದರೆ ಸಾಕು. ಕೆಲಸ ಮುಗಿದ ಕಾಗದಗಳನ್ನು ರದ್ದಿಗೆ ಹಾಕದೆ ಸುಟ್ಟುಬಿಡಿ.

ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ಗ್ರಾಹಕರ ಮೇಲೆ ಬೀಳಬಾರದೆಂದು ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿದೆ. ನಾಚಿಕೆಯಿಂದ ವಾರಗಟ್ಟಲೆ ಸುಮ್ಮನಿದ್ದರೆ ಆ ರಕ್ಷಣೆ ಕೈತಪ್ಪುತ್ತದೆ.

ಆ ಹಿರಿಯರನ್ನು ಮಸೀದಿಯ ಜಗಲಿಯಲ್ಲೇ ಕೂರಿಸಿ 1930ಕ್ಕೆ ಫೋನ್ ಹಚ್ಚಿದೆವು. ಲಾಕ್ ಹಾಕೋಣವೆಂದರೆ ಅವರ ಮನೆಯವರ ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ನಂಬರು. ಅವನಿಗೆ ಫೋನ್ ಮಾಡಿ ಓಟಿಪಿ ತರಿಸಿ ಅಸರ್ ಹೊತ್ತಿಗೆ ಮುಗಿಸಿದೆವು. ಹಣ ಇನ್ನೂ ಬಂದಿಲ್ಲ. ದೂರಿನ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದಾರೆ.